ಹೊಟ್ಟೆ ಬಂದ ಕೌದಿ

ಕೌದಿಗೆ ಹೊಟ್ಟೆ ಬಂದಿತ್ತು. ಮಹಡಿಯ ಕೋಣೆಯಲ್ಲಿ, ತುಂಡುಬಟ್ಟೆ ಜೋಡಿಸಿ ಹೊಲಿದ ಆ ಹೊದಿಕೆಯನ್ನು ಚಾಪೆಯ ಮೇಲೆ ಹಾಸಿ, ನಾಲ್ಕೂ ಮೂಲೆಗೆ ನಾಲ್ಕು ದಪ್ಪ ನಿಘಂಟುಗಳನ್ನು ಹೇರಿ, ಜಂಬುನಾಥ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಅಂಚೆಲ್ಲ ನೆಲಕ್ಕೆ ಅಂಟಿಕೊಂಡಿತ್ತು. ನಟ್ಟನಡುವೆ ಮಾತ್ರ ಉಂಡು ಮಲಗಿದವರ ಹೊಟ್ಟೆಯ ಹಾಗೆ ಹಿಡಿಯೆತ್ತರ ಉಬ್ಬಿಕೊಂಡಿತ್ತು. ಅಂಗೈಯಿಂದ ಒತ್ತಿದ, ತಗ್ಗಿತು. ಕೈ ತೆಗೆದ, ಎದ್ದಿತು. ಹಿಂದಿನ ಬೆಂಚಿನ ಹುಡುಗರ ಹಾಗೆ, ಕೂಡು ಎಂದರೆ ಕೂತು, ತಾನು ಬೋರ್ಡಿನ ಕಡೆ ತಿರುಗಿದ ಕೂಡಲೇ ಎದ್ದು ನಿಲ್ಲುವ ಹಟ ಅದಕ್ಕೂ ಬಂದುಬಿಟ್ಟಿದೆ ಎಂದು ಅವನಿಗೆ ಅನ್ನಿಸಿತು. ಭಾನುವಾರ, ಹನ್ನೊಂದು ಗಂಟೆ, ಬಳ್ಳಾರಿಯ ಬಿಸಿಲು ಕಿಟಕಿಯ ಸರಳುಗಳನ್ನು ಆಗಲೇ ಮುಟ್ಟಲಾರದಷ್ಟು ಕಾಯಿಸಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಹೆಂಡತಿ ಅಕ್ಕನಾಗಮ್ಮ ಅಣ್ಣನ ಕಣ್ಣಿನ ಆಪರೇಶನ್ ಎಂದು ಸಿರುಗುಪ್ಪಕ್ಕೆ ಹೋಗಿ ಆರು ದಿನವಾಗಿತ್ತು. ಆದರೂ ಅವನು ಬಾಗಿಲಿಗೆ ಅಗುಳಿ ಹಾಕಿಕೊಂಡಿದ್ದ. ಐವತ್ತೇಳು ವರ್ಷದ, ಕನ್ನಡ ವಿಭಾಗದ ಮುಖ್ಯಸ್ಥನಾದ ಗಂಡಸು ಕಾಲು ಚಾಚಿ ಕೂತು ಹೊಲಿಯುತ್ತಿರುವುದನ್ನು ಎದುರು ಮನೆಯ ತಾರಸಿಯಿಂದ ಯಾರಾದರೂ ಕಂಡರೆ ಏನು ಗತಿ? ಕೌದಿಯ ಮೇಲಿನ ತನ್ನ ಪುಸ್ತಕದ ನೂರಾ ಹನ್ನೆರಡನೆಯ ಪುಟದಲ್ಲಿ ‘ಸೂಜಿಗೆ ಗಂಡು ಹೆಣ್ಣೆಂಬ ಭೇದವಿಲ್ಲ’ ಎಂದು ಅವನೇ ಬರೆದಿದ್ದ. ಆ ವಾಕ್ಯ ಈಗ ನೆನಪಾಗಿ, ಬರೆದವನ ಮೇಲೆ ಸಿಟ್ಟು ಬಂತು.

ಅವನು ಸೂಜಿ ಹಿಡಿಯಬೇಕಾಗಿ ಬಂದದ್ದೇ ಒಂದು ಮಾತಿನಿಂದ. ಎರಡು ತಿಂಗಳ ಹಿಂದೆ ಪ್ರದೀಪ ಎಂಬ ಉತ್ಸಾಹಿ ತರುಣ ತನ್ನ ಜಾನಪದ ಬಳಗದ ಹೆಸರಿನಲ್ಲಿ ಬಳ್ಳಾರಿಯಲ್ಲಿ ಒಂದು ವಿಚಾರ ಸಂಕಿರಣ ಇಟ್ಟುಕೊಂಡಿದ್ದ. ಜಂಬುನಾಥ ಐವತ್ತು ನಿಮಿಷ ಮಾತಾಡಿದ. ಕೌದಿ ಎಂದರೆ ಹೊದಿಕೆಯಲ್ಲ, ಸ್ಮೃತಿ ಎಂದ. ಒಂದೊಂದು ತುಂಡೂ ಒಂದೊಂದು ಜೀವದ ಸಾಕ್ಷಿ ಎಂದ. ಮುಂದಿನ ಸಾಲಿನಲ್ಲಿ ಕೂತಿದ್ದ ಇಬ್ಬರು ಉಪನ್ಯಾಸಕಿಯರು ಬರೆದುಕೊಳ್ಳುವುದನ್ನು ಕಂಡು ‘ಬಹುತ್ವ’ ಎಂಬ ಮಾತನ್ನು ಇನ್ನೆರಡು ಸಲ ಹೆಚ್ಚಿಗೆ ಬಳಸಿದ. ಆಮೇಲೆ ಕುರುಗೋಡಿನ ಖಾತೂನ್ ಎಂಬ ಅರವತ್ತು ದಾಟಿದ ಹೆಂಗಸಿಗೆ ಶಾಲು ಹೊದಿಸಿ, ಎರಡು ಮಾತಾಡಿರಿ ಎಂದರು. ನಲವತ್ತು ವರ್ಷದಿಂದ ಕೌದಿ ಹೊಲಿಯುತ್ತಿರುವವಳು. ಅವಳು ಮೈಕನ್ನು ಒಲೆಯಿಂದ ಇಳಿಸಿದ ಪಾತ್ರೆಯಂತೆ ಸೆರಗಿನಲ್ಲಿ ಹಿಡಿದುಕೊಂಡಳು.

“ಸರು ಚೊಲೋ ಮಾತಾಡಿದ್ರು. ನಡುವ ಒಂದು ಗುಟುಕು ನೀರು ಸೈತ ಕುಡೀಲಿಲ್ಲ. ಕೌದ್ಯಾಗ ಇಷ್ಟೆಲ್ಲ ಐತಿ ಅಂತ ನನಗ ಗೊತ್ತಿರಲಿಲ್ಲ. ಸರು ಎಷ್ಟು ಕೌದಿ ಹೊಲದಾರ?”

ಆ ಮಾತಿನಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಅವನಿಗೆ ಉತ್ತರ ಹೊಳೆಯುತ್ತಿತ್ತು. ಅಡುಗೆಯವರು ಇನ್ನೊಬ್ಬ ಅಡುಗೆಯವರನ್ನು ಕೇಳುವ ಹಾಗೆ ಅವಳು ನಿಜವಾಗಿ ಕೇಳಿದ್ದಳು. ಸಭೆ ನಕ್ಕಿತು. ಬರೆದುಕೊಳ್ಳುತ್ತಿದ್ದ ಉಪನ್ಯಾಸಕಿಯರು ಪೆನ್ನು ಮುಚ್ಚಿ ನಕ್ಕರು. ಜಂಬುನಾಥ ಎದ್ದು, ಮೈಕಿಗೆ ಬಗ್ಗಿ, “ಒಂದು ನಡೆದಿದೆ” ಎಂದುಬಿಟ್ಟ. ಸುಳ್ಳು ಎಷ್ಟು ಸಲೀಸಾಗಿ, ಎಷ್ಟು ಚಿಕ್ಕದಾಗಿ ಹೊರಬಿದ್ದಿತೆಂದರೆ ಅವನಿಗೇ ಅದು ಸುಳ್ಳೆನ್ನಿಸಲಿಲ್ಲ. ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಪ್ರದೀಪ, ಬಳಗದ ಸಿರುಗುಪ್ಪ ಸಮಾವೇಶದಲ್ಲಿ ಪ್ರೊಫೆಸರರ ಕೌದಿಯ ಲೋಕಾರ್ಪಣೆ ಆಗುತ್ತದೆ ಎಂದು ಘೋಷಿಸಿಯೂ ಆಗಿತ್ತು.

ಸಾಮಾನ್ಯ ಕೌದಿ ಹೊಲಿದರೆ ತನ್ನ ಘನತೆಗೆ ಸಾಲದು ಎಂಬುದು ಅವನ ಎರಡನೆಯ ತಪ್ಪು. ಗ್ರಾಫ್ ಹಾಳೆ ತಂದು, ಸ್ಕೇಲು ಹಿಡಿದು, ಒಂದು ನಕ್ಷೆ ಬರೆದ. ನಡುವೆ ಬಳ್ಳಾರಿಯ ಗುಡ್ಡ; ಅದರ ಸುತ್ತ ಬಳಸಿ ಹೋಗುವ ತುಂಗಭದ್ರೆ; ಆಚೆ ಸಿರುಗುಪ್ಪದ ಭತ್ತದ ಗದ್ದೆ, ಕಾಲುವೆ. ಒಟ್ಟು ಆರುನೂರ ನಲವತ್ತು ತುಂಡು. ನದಿ ಬಳ್ಳಾರಿಯ ಜೀನ್ಸಿನ ನದಿಯೇ ಆಗಿರಬೇಕು ಎಂದು ತೀರ್ಮಾನಿಸಿ, ಕನ್ನಡದಲ್ಲಿ ಮೂರು ಸಲ ಫೇಲಾಗಿ ಈಗ ಇಪ್ಪತ್ತು ಮೆಷಿನ್ನಿನ ಜೀನ್ಸ್ ಘಟಕ ನಡೆಸುತ್ತಿರುವ ಹಳೆಯ ವಿದ್ಯಾರ್ಥಿ ಓಬಳೇಶನಿಗೆ ಫೋನು ಮಾಡಿದ. ಅವನು ಯಾಕೆ ಏನು ಎಂದೂ ಕೇಳದೆ ಎರಡು ಚೀಲ ಕತ್ತರಿ ತುಂಡು ಕಳಿಸಿದ. ಮೇಷ್ಟ್ರ ಮೇಲೆ ಅವನಿಗೆ ಇದ್ದ ಗೌರವ ಅಷ್ಟು, ಅಥವಾ ಬೇಸರ ಅಷ್ಟು. ಜೀನ್ಸ್ ಬಟ್ಟೆ ಒಂಬತ್ತು ಸೂಜಿ ಮುರಿಯಿತು. ಬೆರಳಿಗೆ ಲೋಹದ ಅಂಗುಸ್ತಾನ ಹಾಕಿಕೊಂಡ ಮೇಲೆ ಬೆರಳು ಉಳಿಯಿತು, ಹೊಲಿಗೆ ಉಳಿಯಲಿಲ್ಲ. ಗಂಟೆಗೊಂದು ಗೇಣು ನದಿ ಹರಿಯುತ್ತಿತ್ತು. ಗದ್ದೆಗೆ, ಗುಡ್ಡಕ್ಕೆ ಮೆತ್ತನೆಯ ಬಟ್ಟೆ ಬೇಕಿತ್ತು. ಹೆಂಡತಿ ಊರಿಗೆ ಹೋದ ಎರಡನೆಯ ದಿನ ಅಟ್ಟ ಹತ್ತಿ ಟ್ರಂಕು ತೆರೆದು ನೋಡಿದರೆ, ಹಳೆಯ ಪಂಚೆಯೊಂದರಲ್ಲಿ ಎಂಟು ಸಣ್ಣ ಗಂಟು. ಬಿಚ್ಚಿದರೆ ಹಸಿರು ಬೇರೆ, ಹಳದಿ ಬೇರೆ, ಕೆಂಪು ಬೇರೆ, ಗೀರಿನದು ಬೇರೆ. ಹೆಂಗಸರು ಏನನ್ನೂ ಬಿಸಾಡುವುದಿಲ್ಲ ಎಂದು ನಕ್ಕ. ನಗುವಿನ ಬೆನ್ನಿಗೇ, ಇದನ್ನು ಮುಂದಿನ ಭಾಷಣದಲ್ಲಿ ‘ಸ್ತ್ರೀಯರ ಸಂಗ್ರಹಪ್ರಜ್ಞೆ’ ಎಂದು ಹೇಳಬಹುದು ಎಂದುಕೊಂಡ. ತನ್ನ ನಕ್ಷೆಯ ಅಳತೆಗೆ ಅವನ್ನು ಒಂದೊಂದಾಗಿ ಕತ್ತರಿಸುವಾಗ ಅಂಚಿನಲ್ಲಿ ಏನೋ ಸಣ್ಣ ದಾರ ಅಡ್ಡ ಬರುತ್ತಿತ್ತು. ಕತ್ತರಿ ಒತ್ತಿ ಹಿಡಿದರೆ ಅದೂ ತುಂಡಾಗುತ್ತಿತ್ತು.

ಫೋನು ಬಡಿದುಕೊಂಡಿತು. ಪ್ರದೀಪ. “ಸರ್, ಇನ್ನು ಏಳೇ ದಿನ. ಬ್ಯಾನರಿಗೆ ಒಂದು ಫೋಟೋ ಬೇಕಿತ್ತು. ಎಲ್ಲಿಗೆ ಬಂತು ಸರ್?”

“ಸಮಗ್ರತೆಯ ಹಂತದಲ್ಲಿದೆ,” ಎಂದ ಜಂಬುನಾಥ, ಕಾಲಿನಿಂದ ಕೌದಿಯ ಹೊಟ್ಟೆಯನ್ನು ಮೆಟ್ಟಿ ಹಿಡಿದುಕೊಂಡು.

ಮಾರನೆಯ ದಿನ ಕಾಲೇಜಿಗೆ ರಜೆ ಹಾಕಿ, ಸೋನಾ ಮಸೂರಿ ಅಕ್ಕಿಯ ಖಾಲಿ ಚೀಲದಲ್ಲಿ ಕೌದಿಯನ್ನು ತುರುಕಿ, ಕುರುಗೋಡಿನ ಬಸ್ಸು ಹತ್ತಿದ. ಖಾತೂನಳನ್ನು ಕೇಳಬೇಕು, ಯಾರಿಗೂ ತಿಳಿಯದ ಹಾಗೆ ಉಬ್ಬೊಂದನ್ನು ತೆಗೆಸಿಕೊಂಡು ಬರಬೇಕು, ಅವಳ ಸಮಯಕ್ಕೆ ತಕ್ಕದ್ದನ್ನು ಕೊಡಬೇಕು; ಇದರಲ್ಲಿ ಅವಮಾನವೇನಿದೆ, ಕ್ಷೇತ್ರಕಾರ್ಯ ಎಂದರೂ ಇದೇ ಅಲ್ಲವೆ ಎಂದು ತನಗೆ ತಾನೇ ಹೇಳಿಕೊಂಡ. ಕಂಡಕ್ಟರು ಚೀಲವನ್ನು ಬೂಟುಗಾಲಿನಿಂದ ಮುಟ್ಟಿ ನೋಡಿದ.

“ಅಕ್ಕಿಯೇನ್ರಿ? ಲಗೇಜ್ ಆಗ್ತೈತಿ ನೋಡ್ರಿ.”

“ಅಕ್ಕಿಯಲ್ಲ. ಕೌದಿ.”

ಕಂಡಕ್ಟರನ ಮುಖ ಕೂಡಲೇ ಮೆತ್ತಗಾಯಿತು. “ದವಾಖಾನಿಗೇನ್ರಿ? ಯಾರಿಗೆ ಆರಾಮಿಲ್ಲ?” ಎಂದು ಕೇಳಿ, ಕಿಟಕಿ ಪಕ್ಕದವನನ್ನು ಎಬ್ಬಿಸಿ ಜಾಗ ಮಾಡಿಕೊಟ್ಟ. ಜಂಬುನಾಥ ಅಲ್ಲವೆನ್ನಲಿಲ್ಲ. ಇಲ್ಲದ ರೋಗಿಯೊಬ್ಬರ ಪುಣ್ಯದಲ್ಲಿ ಕೂತು, ಕುರುಗೋಡಿನ ಬಂಡೆಗುಡ್ಡ ಕಾಣುವವರೆಗೂ ಮುಖವನ್ನು ಸಣ್ಣಗೆ ಮಾಡಿಕೊಂಡಿರಬೇಕಾಯಿತು.

ಖಾತೂನಳ ಮನೆ ಅವನಿಗೆ ಗೊತ್ತಿತ್ತು. ಇಪ್ಪತ್ತೆರಡು ವರ್ಷದ ಹಿಂದೆ, ಸಂಶೋಧನೆಯ ಕಾಲದಲ್ಲಿ, ಈ ಕಟ್ಟೆಯ ಮೇಲೆ ಮೂರು ಮಧ್ಯಾಹ್ನ ಕೂತು ಟೇಪ್ ರೆಕಾರ್ಡರಿನಲ್ಲಿ ಅವಳ ಮಾತು ತುಂಬಿಕೊಂಡಿದ್ದ. ಪುಸ್ತಕದಲ್ಲಿ ಆ ಮಾತೆಲ್ಲ ಬಂತು. ಅವಳು ‘ಮಾಹಿತಿದಾರರು, ಸಂಖ್ಯೆ ಹದಿನಾಲ್ಕು’ ಎಂದು ಬಂದಳು. ಆಗ ಅವಳ ಗಂಡ ಮಾಬುಸಾಬ್ ಬದುಕಿದ್ದ, ಎಳನೀರು ಕೆತ್ತಿಕೊಟ್ಟಿದ್ದ. ಈಗ ಸೊಸೆ ಚಹಾ ತಂದಿಟ್ಟು ಒಳಗೆ ಹೋದಳು. ಖಾತೂನ್ ಕನ್ನಡಕದ ಮುರಿದ ಕಾಲಿಗೆ ಸುತ್ತಿದ ದಾರವನ್ನು ಬಿಗಿಮಾಡಿಕೊಂಡು ಅವನನ್ನು ದಿಟ್ಟಿಸಿದಳು.

“ಸರ, ಮದಲ ಒಂದು ಮಾತು ಕೇಳ್ತೀನಿ, ಸಿಟ್ಟು ಮಾಡ್ಕೋಬ್ಯಾಡ್ರಿ. ಆವಾಗ ನೋಡಿ ಕೊಡ್ತೀನಿ ಅಂತ ಒಂದು ಕೌದಿ ಒಯ್ದಿದ್ರಿ. ಅದು ಎಲ್ಲೈತಿ?”

“ಕಾಲೇಜಿನಲ್ಲಿದೆ. ಗಾಜಿನ ಕಪಾಟಿನಲ್ಲಿ. ಬಹಳ ಜೋಪಾನವಾಗಿ...”

“ಯಾರು ಹೊದ್ಕೊಂತಾರ?”

“ಯಾರೂ ಹೊದ್ದುಕೊಳ್ಳೋದಿಲ್ಲ ಅಮ್ಮ. ನೋಡಾಕ ಇಟ್ಟೀವಿ.”

“ನೋಡಾಕ,” ಎಂದಳು ಖಾತೂನ್, ಒಂದು ಹೊಸ ರೋಗದ ಹೆಸರು ಕೇಳಿದವಳಂತೆ. “ನಮ್ಮ ಮಗ ಕೈಸರ್ ಹುಟ್ಟಿದಾಗ ಹೊಲದದ್ದು. ಆಗಲಿ ಬಿಡ್ರಿ. ಎಲ್ಲಿ, ನಿಮ್ಮದು ತಗೀರಿ.”

ಅವನು ಚೀಲದಿಂದ ಎಳೆದು ಕಟ್ಟೆಯ ಮೇಲೆ ಹಾಸಿದ. ಹೊಟ್ಟೆ ತನ್ನ ಜಾಗದಲ್ಲಿ ಎದ್ದು ಕೂತಿತು. ಖಾತೂನ್ ನೀಲಿ ನದಿಯನ್ನು ದಾಟಿ ಅದರ ಮೇಲೆ ಕೈ ಇಟ್ಟಳು. “ಇದೇನ್ರಿ?”

“ಬಳ್ಳಾರಿ ಗುಡ್ಡ.”

“ಹೌದೇನು? ನಾನು ಆಮಿ ಅಂದ್ಕೊಂಡಿದ್ದೆ.” ಹೀಯಾಳಿಸುವ ದನಿಯೇ ಇಲ್ಲ. ಕೌದಿಯನ್ನು ಬೋರಲು ಹಾಕಿ ಅದರ ಹಿಂಭಾಗವನ್ನು, ಡಾಕ್ಟರು ಬೆನ್ನು ನೋಡುವ ಹಾಗೆ, ಗೆಣ್ಣಿನಿಂದ ಒತ್ತಿ ಒತ್ತಿ ನೋಡಿದಳು. “ನಡುವ ಶುರು ಮಾಡೀರಿ. ಆಮ್ಯಾಲ ಬುದ್ಧಿ ಬಂದು ದಂಡಿಯಿಂದ ಒಳಗ ಬಂದೀರಿ. ಎರಡೂ ಕಡಿಯಿಂದ ಒತ್ತಿದ್ರ ಅರಬಿ ಎಲ್ಲಿಗೆ ಹೋಗಬೇಕ್ರಿ? ಎದ್ದು ಕುಂತೈತಿ. ದಂಡಿಗುಂಟ ಸುತ್ತು ಹಾಕ್ಕೊಂತ ಬರಬೇಕು. ನಡುವ ಕಡೀಕ ಬರ್ತತಿ.” ಇದೇ ಮಾತು ಅವಳ ಬಾಯಿಂದಲೇ ಕೇಳಿ, ‘ಪರಿಧಿಯಿಂದ ಕೇಂದ್ರದತ್ತ ಚಲನೆ’ ಎಂದು ಅವನು ಒಂದು ಅಧ್ಯಾಯವನ್ನೇ ಬರೆದಿದ್ದ. ಕೈಗೆ ಸೂಜಿ ಬಂದಾಗ ಆ ಅಧ್ಯಾಯದ ಒಂದು ಸಾಲೂ ನೆನಪಾಗಿರಲಿಲ್ಲ.

“ಬಿಚ್ಚಿ ಸರಿಮಾಡಾಕ ಬರ್ತದೇನು? ನೀವು ಸ್ವಲ್ಪ ಕೈ ಹಾಕಿದ್ರೆ...” ಎಂದ. ದನಿ ತನ್ನದಲ್ಲವೆನ್ನಿಸಿತು, ನಂಬರು ಹೆಚ್ಚು ಹಾಕಿರಿ ಎಂದು ಕೇಳಲು ಬಂದವರ ದನಿ.

ಖಾತೂನ್ ಕೌದಿಯನ್ನು ಮತ್ತೆ ಮಗುಚಿದಳು. ಗದ್ದೆಯ ಒಂದು ಹಸಿರು ತುಂಡಿನ ಅಂಚನ್ನು ಉಗುರಿನಿಂದ ಬಿಡಿಸಿ, ಕಣ್ಣಿನ ಹತ್ತಿರ ತಂದಳು. ಇನ್ನೊಂದನ್ನು ಬಿಡಿಸಿದಳು. ಮತ್ತೊಂದು. ಆಮೇಲೆ ಕನ್ನಡಕ ತೆಗೆದು ಅವನನ್ನು ನೋಡಿದಳು.

“ಈ ಕಚ್ಚಾ ಹೊಲಿಗಿ ನಿಮ್ಮ ಕೈದಲ್ಲ.”

“ಯಾವುದು?”

“ಈ ಸಣ್ಣದು. ಅಂಚು ಮಡಚಿ, ಕೂದಲೆಳಿಯಂಗ ಹಾಕ್ಯಾರ ನೋಡ್ರಿ. ಇವು ಚಿಂದಿ ಅಲ್ರಿ ಸರ. ಯಾರೋ ಅಳತಿ ಹಿಡಿದು ಕೊಯ್ದಾರ, ಎಲ್ಲಾ ನಾಕು ಬೆರಳು. ತೊಳದು ತೊಳದು ಮೆತ್ತಗ ಮಾಡ್ಯಾರ. ಒಂದರಾಗೂ ಜರಿ ಇಲ್ಲ, ಗುಂಡಿ ಇಲ್ಲ, ಚುಚ್ಚೂದು ಒಂದೂ ಇಲ್ಲ. ನೀವು ಅದನ್ನ ನಡುವ ಕೊಯ್ದೀರಿ.” ಕೌದಿಯನ್ನು ಮಡಚುತ್ತ ತೀರ ಸಹಜವಾಗಿ ಕೇಳಿದಳು: “ಮನ್ಯಾಗ ಯಾರು ಬಸರದಾರ?”

ಮಗಳು ರಶ್ಮಿ ಹೊಸಪೇಟೆಯಲ್ಲಿ ಏಳು ತಿಂಗಳ ಬಸುರಿ. ಬರುವ ತಿಂಗಳು ಹೆರಿಗೆಗೆ ಬಳ್ಳಾರಿಗೆ ಬರುವವಳು. ಜಂಬುನಾಥನ ಬಾಯಿಂದ “ಮಗಳು” ಎಂಬ ಒಂದೇ ಮಾತು ಹೊರಟಿತು. ಹೊರಟ ಕೂಡಲೇ ಅಟ್ಟದ ಎಂಟು ಗಂಟುಗಳೂ ಒಂದೊಂದಾಗಿ ಅವನ ಕಣ್ಣ ಮುಂದೆ ಬಿಚ್ಚಿಕೊಂಡವು. ಊಟವಾದ ಮೇಲೆ, ಅವನು ಪೇಪರು ಓದುತ್ತ ಮಲಗಿದಾಗ, ಒಳಕೋಣೆಯಲ್ಲಿ ಕೂತು ಅಕ್ಕನಾಗಮ್ಮ ಏನೋ ಮಾಡುತ್ತಿದ್ದಳಲ್ಲ ಇಷ್ಟು ದಿನ. ಏನು ಎಂದು ಅವನು ಒಂದು ದಿನವೂ ಕೇಳಿರಲಿಲ್ಲ. ‘ನಗರದ ವಿದ್ಯಾವಂತ ಕುಟುಂಬಗಳಲ್ಲಿ ಈ ಪರಂಪರೆ ಸಂಪೂರ್ಣ ನಶಿಸಿದೆ’ ಎಂದು ಬರೆದು, ಅದಕ್ಕೆ ಅಂಕಿಅಂಶದ ಪಟ್ಟಿಯನ್ನೂ ಕೊಟ್ಟಿದ್ದ.

“ನಾನು ಇದಕ್ಕ ಕೈ ಹಚ್ಚಂಗಿಲ್ರಿ,” ಎಂದಳು ಖಾತೂನ್. “ಅವ್ರ ಮುಂದ ಒಯ್ದು ಇಡ್ರಿ. ಬೈದ್ರ ಬೈಸ್ಕೊಳ್ರಿ. ಚಾ ಆರಿತು, ಕುಡೀರಿ.”

ಬಸ್ಸಿನಲ್ಲಿ ಮರಳುತ್ತ ಅವನು ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ಕಟ್ಟಿದ. ‘ಅರಿವಿಲ್ಲದೆ’ ಎಂಬುದು ಬೇಕೋ ಬೇಡವೋ. ‘ಕ್ಷಮಿಸು’ ಎಂಬುದು ಮೊದಲೋ ಕಡೆಗೋ. ಮನೆ ಸೇರುವ ಹೊತ್ತಿಗೆ ಮಾತು ಎಷ್ಟು ಚೆಂದ ಆಗಿತ್ತೆಂದರೆ ಹೆಂಡತಿಗೆ ಹೇಳಲು ನಾಚಿಕೆಯಾಗುವಂತಿತ್ತು. ಅವಳು ಬುಧವಾರ ಬರುವವಳಿದ್ದಳು. ಮಂಗಳವಾರ ಮಧ್ಯಾಹ್ನ ಅವನು ಮಾಡಿದ ಕೆಲಸವನ್ನು ಅವನು ಯಾರಿಗೂ, ತನಗೂ, ವಿವರಿಸಲಾರದವನಾಗಿದ್ದ: ಅಟ್ಟ ಹತ್ತಿ, ಖಾಲಿಯಾಗಿದ್ದ ಎಂಟು ಬಟ್ಟೆಗಳಲ್ಲಿ ಓಬಳೇಶನ ಜೀನ್ಸ್ ತುಂಡುಗಳನ್ನು ತುಂಬಿ, ಗಂಟು ಕಟ್ಟಿ, ಇದ್ದ ಹಾಗೆ ಇಟ್ಟು ಇಳಿದ. ಇಳಿಯುವಾಗ ಏಣಿಯ ಮೆಟ್ಟಿಲು ತಪ್ಪಿ ಮೊಣಕಾಲು ತರಚಿತು. ಇಷ್ಟು ಶಿಕ್ಷೆಯಾದರೂ ಆಯಿತಲ್ಲ ಎಂದು ಒಂದು ಕ್ಷಣ ಹಗುರಾದ.

ಅಕ್ಕನಾಗಮ್ಮ ಬಂದಳು. ಅಣ್ಣನ ಕಣ್ಣಿನ ಸುದ್ದಿ ಹೇಳಿದಳು. ಕಾಲಿಗೆ ಏನಾಯಿತು ಎಂದು ಕೇಳಿ ಅರಿಶಿನ ಹಚ್ಚಿದಳು. ಮಹಡಿಯ ಕೋಣೆಯ ಬಾಗಿಲಿಗೆ ಅಗುಳಿ ಯಾಕೆ ಎಂದು ಕೇಳಲಿಲ್ಲ. ಗುರುವಾರ ಹೇಳಬೇಕೆಂದುಕೊಂಡ, ಅವಳು ಮಗಳ ಜೊತೆ ಫೋನಿನಲ್ಲಿದ್ದಳು. ಶುಕ್ರವಾರ ಹೇಳಬೇಕೆಂದುಕೊಂಡ, ಅವಳಿಗೆ ತಲೆನೋವು. ಶನಿವಾರ ಅವಳಿಗೆ ಯಾವ ತೊಂದರೆಯೂ ಇರಲಿಲ್ಲ, ಆದ್ದರಿಂದ ಅವನೇ ಹೊರಗೆ ಹೋದ. ಹೊರಗಿನಿಂದ ಪ್ರದೀಪನಿಗೆ ಫೋನು ಮಾಡಿ, ಕುರುಗೋಡಿನ ಮುದುಕಿಯನ್ನು ಈ ಬಿಸಿಲಲ್ಲಿ ಸಿರುಗುಪ್ಪದವರೆಗೆ ಕರೆಸುವುದು ಬೇಡ, ಪಾಪ ಎಂದ. “ಎಂಥಾ ಕಾಳಜಿ ಸರ್ ನಿಮ್ಮದು” ಎಂದ ಪ್ರದೀಪ.

ಭಾನುವಾರ ಬೆಳಿಗ್ಗೆ ಅಕ್ಕನಾಗಮ್ಮ ಇಳಕಲ್ ಸೀರೆ ಉಟ್ಟು ಸಿದ್ಧಳಾಗಿ ನಿಂತಿದ್ದಳು. “ನಾನೂ ಬರ್ತೀನಿ. ನೀವು ಹೊಲದ ಕೌದಿ ಅಂತಲ್ಲ, ನೋಡೂಣು.” ಆಹ್ವಾನ ಪತ್ರಿಕೆಯನ್ನು ಅವಳು ಓದಿದ್ದಳು. ಅದರಲ್ಲಿ ಅವಳ ಹೆಸರೂ ಇತ್ತು, ‘ಶ್ರೀಮತಿ ನಾಗವೇಣಿ ಜಂಬುನಾಥ’ ಎಂದು. ಅಕ್ಕನಾಗಮ್ಮ ಎಂಬುದು ಹಳ್ಳಿಯ ಹೆಸರಾಯಿತೆಂದು ಇಪ್ಪತ್ತೊಂಬತ್ತು ವರ್ಷದಿಂದ ಅವನು ಅಚ್ಚಿನಲ್ಲಿ ಅವಳನ್ನು ನಾಗವೇಣಿ ಮಾಡಿಕೊಂಡು ಬಂದಿದ್ದ.

ಸಿರುಗುಪ್ಪದ ಕಲ್ಯಾಣ ಮಂಟಪದಲ್ಲಿ ಜನ ಸೇರಿದ್ದರು. ಅಕ್ಕಿ ಗಿರಣಿಯ ತಿಪ್ಪೇರುದ್ರಪ್ಪ ಮುಖ್ಯ ಅತಿಥಿ. ರೇಷ್ಮೆ ಪರದೆ ಸರಿಸಿದಾಗ ಕೌದಿ ಒಂದು ಮೇಜಿನ ಮೇಲೆ ಅಂಗಾತ ಮಲಗಿತ್ತು, ಹೊಟ್ಟೆ ಮೇಲೆ ಮಾಡಿಕೊಂಡು. ಜಂಬುನಾಥ ಕಣ್ಣು ಮುಚ್ಚಿದ. ತಿಪ್ಪೇರುದ್ರಪ್ಪ ಉಂಗುರದ ಬೆರಳುಗಳಿಂದ ಆ ಉಬ್ಬನ್ನು ಸವರಿ, ಮೈಕಿನ ಕಡೆ ತಿರುಗಿ, “ಗುಡ್ಡ ಖರೇನ ಎದ್ದು ನಿಂತೈತಲ್ರಿ. ನಾನು ಭಾಳ ಕಡೆ ಭಾಳ ನೋಡೀನಿ, ಹಿಂಗ ಅರಬ್ಯಾಗ ಗುಡ್ಡ ಎಬ್ಬಿಸಿದ್ದು ನೋಡಿಲ್ಲ” ಎಂದ. ಸಭೆ ಚಪ್ಪಾಳೆ ತಟ್ಟಿತು. ತಪ್ಪು ಹೀಗೆ ಕಲೆಯಾಗಿ ಎದ್ದು ನಿಂತದ್ದು ಕಂಡು, ಅದರಲ್ಲಿ ತನ್ನದೇ ಯಾವುದೋ ಸುಪ್ತ ಉದ್ದೇಶ ಇದ್ದಿರಬಹುದೆಂದು ಅವನಿಗೂ ಅರೆಗಳಿಗೆ ನಂಬಿಕೆ ಹುಟ್ಟಿತು. ಫೋಟೋದವರು ಎತ್ತಿ ಹಿಡಿಯಿರಿ ಎಂದರು. “ನಾಗವೇಣಿ ಮೇಡಂ, ಆ ಕಡೆ ತುದಿ ನೀವು ಹಿಡೀರಿ” ಎಂದು ಪ್ರದೀಪ ಕರೆದ. ಎರಡನೆಯ ಸಲ ಕರೆದ ಮೇಲೆ ಅದು ತನ್ನ ಹೆಸರೆಂದು ಹೊಳೆದು ಅಕ್ಕನಾಗಮ್ಮ ಮೇಲೆ ಬಂದಳು. ತುದಿ ಹಿಡಿದಳು. ಬೆರಳುಗಳು ಅಂಚಿನ ಮೇಲೆ ಸರಿದು, ಒಂದು ಹಸಿರು ತುಂಡಿನ ಮೇಲೆ ನಿಂತವು. ಕೆಳಗಿನಿಂದ ಯಾರೋ ಕೇಳಿದರು: “ಸರ್, ಇಷ್ಟೊಂದು ಬಗೆಯ ತುಂಡುಗಳನ್ನ ಎಲ್ಲಿಂದ ತಂದ್ರಿ?”

ಇಲ್ಲಿ, ಈ ಒಂದು ಕ್ಷಣದಲ್ಲಿ, ಹೇಳಿಬಿಡಬಹುದಿತ್ತು. ಅವನು ಹೆಂಡತಿಯ ಕಡೆ ನೋಡಲಿಲ್ಲ. “ಊರೂರು ಅಲೆದು ಆರಿಸಿದೆ” ಎಂದ.

ಕ್ಯಾಮೆರಾ ಮಿನುಗಿತು. ಅಕ್ಕನಾಗಮ್ಮ ತುದಿಯನ್ನು ಬಿಡಲಿಲ್ಲ, ಜಗ್ಗಲೂ ಇಲ್ಲ. ಫೋಟೋಗೆ ಎಷ್ಟು ಬೇಕೋ ಅಷ್ಟು ನಕ್ಕು ನಿಂತಳು.

ಊಟ ಮುಗಿಸಿ ಬಾಡಿಗೆ ಕಾರಿನಲ್ಲಿ ಹೊರಟರು. ಎರ್ರಿ ಎಂಬುವನು ಓಡಿಸುತ್ತಿದ್ದ. ಎರಡೂ ಬದಿಗೆ ಕಾಲುವೆಯ ನೀರು ಕುಡಿದ ಗದ್ದೆಗಳು ಮಧ್ಯಾಹ್ನದ ಬಿಸಿಲಿಗೆ ಹೊಳೆಯುತ್ತಿದ್ದವು. ಕೌದಿ ಇಬ್ಬರ ತೊಡೆಯ ಮೇಲೆ ಹರಡಿತ್ತು. ಊರು ದಾಟಿದ ಮೇಲೆ ಅಕ್ಕನಾಗಮ್ಮ ಕೈಚೀಲದಿಂದ ಸಣ್ಣ ಕತ್ತರಿ ತೆಗೆದು, ಮೂಲೆಯಿಂದ ಹೊಲಿಗೆ ಬಿಚ್ಚತೊಡಗಿದಳು. ಕತ್ತರಿಯನ್ನು ಅವಳು ಬೆಳಿಗ್ಗೆ ಹೊರಡುವಾಗಲೇ ಇಟ್ಟುಕೊಂಡಿದ್ದಳೆಂಬುದು ಅವನಿಗೆ ಸ್ವಲ್ಪ ಹೊತ್ತಾದ ಮೇಲೆ ತಿಳಿಯಿತು.

“ಶುಕ್ರವಾರ ಟ್ರಂಕ್ ತಗದಿದ್ದೆ,” ಎಂದಳು, ತಲೆ ಎತ್ತದೆ. “ತುಂಡು ತಗೊಂಡಿದ್ದು ಇರಲಿ. ಗಂಟಿನ್ಯಾಗ ಜೀನ್ಸ್ ಯಾಕ ತುಂಬಿದ್ರಿ? ಖಾಲಿ ಬಿಟ್ಟಿದ್ರ ನಡೀತಿತ್ತು. ನಾನೇನು ಕುರುಡಿ ಏನ್ರಿ?”

ಜಂಬುನಾಥ ಕತ್ತರಿಯನ್ನೇ ನೋಡುತ್ತ, “ನಾಗೀ, ನನಗ ಗೊತ್ತಿರಲಿಲ್ಲ...” ಎಂದ.

“ಗೊತ್ತಿರಲಿಲ್ಲ, ಖರೆ. ಆ ಕಡೆ ಹಿಡೀರಿ.”

ಅವನು ಹಿಡಿದ. ಅವಳು ಕತ್ತರಿ ಆಡಿಸಿದ ಕಡೆ ಅವನು ದಾರ ಎಳೆಯಬೇಕು. ಎರ್ರಿ ಕನ್ನಡಿಯಲ್ಲಿ ನೋಡಿ ತಡೆಯಲಾರದೆ, “ಯಾಕ್ರಿ ಅಮ್ಮ, ಚೊಲೋ ಇತ್ತಲ್ರಿ” ಎಂದ. “ಮುಂದ ನೋಡಿ ಹೊಡಿಯಪ್ಪ,” ಎಂದಳು ಅವಳು. ಎರಡು ತಿಂಗಳ ಕೆಲಸ ತೆಕ್ಕಲಕೋಟೆ ಬರುವಷ್ಟರಲ್ಲಿ ಅರ್ಧ ಬಿಚ್ಚಿತ್ತು. ಬಿಚ್ಚುವುದು ಇಷ್ಟು ಸುಲಭವಾಗುವಷ್ಟು ತನ್ನ ಹೊಲಿಗೆ ಸಡಿಲವಿತ್ತೆಂಬುದು, ಇಷ್ಟೆಲ್ಲದರ ನಡುವೆಯೂ, ಅವನನ್ನು ಚುಚ್ಚಿತು. ಒಂದೊಂದು ತುಂಡು ಕೈಗೆ ಬಂದಾಗ ಅವಳು ಅದನ್ನು ತೊಡೆಯ ಮೇಲೆ ಸವರಿ ಇಡುತ್ತಿದ್ದಳು. “ಇದು ರಶ್ಮಿ ಮೊದಲ ಸಲ ಸಾಲಿಗೆ ಹೋದಾಗಿನ ಲಂಗ. ಇದು ನಿಮ್ಮವ್ವ ದವಾಖಾನ್ಯಾಗ ಉಟ್ಟಿದ್ದು, ಕಡೀ ಸೀರಿ. ಈ ಗೀರಿಂದು ನಿಮ್ಮ ಅಂಗಿ, ನನ್ನ ನೋಡಾಕ ಬಂದಾಗ ಹಾಕ್ಕೊಂಡಿದ್ರಿ. ಕಾಲರ್ ಹರದಿತ್ತು, ಅವತ್ತೂ.” ತನ್ನ ಅಂಗಿಯನ್ನು ಅವನು ಗುಡ್ಡದ ನೆರಳಿಗೆ ಎಂದು ಮೂರು ತ್ರಿಕೋನವಾಗಿ ಕತ್ತರಿಸಿದ್ದ. ಅವುಗಳಲ್ಲೊಂದನ್ನು ಎತ್ತಿ ನೋಡಿದ. ನೋಡುತ್ತಿದ್ದಂತೆಯೇ ಅವನ ಬಲಗೈ, ಅವನನ್ನು ಕೇಳದೆ, ಜೇಬಿನ ಪೆನ್ನಿನ ಕಡೆ ಹೋಯಿತು.

ಅಕ್ಕನಾಗಮ್ಮ ಕತ್ತರಿಯನ್ನು ಮಡಿಲಿಗೆ ಇಳಿಸಿದಳು.

“ಬರ್ಕೊಳ್ಳಾಕ ಹತ್ತೀರೇನು?”

ಕೈ ಅಲ್ಲೇ ನಿಂತಿತು. ಅವನು ಅದನ್ನು ಕೆಳಗಿಳಿಸಿದ. ಅವಳು ಕತ್ತರಿಯನ್ನು ಮತ್ತೆ ಆಡಿಸತೊಡಗಿದಳು. ಆಮೇಲೆ ಬಂದ ಒಂದು ತುಂಡೂ ಯಾರದೆಂದು ಹೇಳಲಿಲ್ಲ. ಬಳ್ಳಾರಿಯವರೆಗೂ ತುಂಡುಗಳು ಸುಮ್ಮನೆ ಬರುತ್ತಿದ್ದವು, ಹಳದಿ, ಕೆಂಪು, ಮತ್ತೆ ಹಳದಿ. ಅವನು ಕೇಳಲಿಲ್ಲ. ಕೇಳುವ ಹಕ್ಕು ಒಂದು ಪೆನ್ನಿನ ದೂರದಲ್ಲಿ ಕಳೆದುಹೋಗಿತ್ತು.

ವಾರದ ಮೇಲೆ ಮಹಡಿಯ ಕೋಣೆಯಲ್ಲಿ ಅವಳ ಕೌದಿ ಶುರುವಾಯಿತು. ಬಾಗಿಲು ಹಾರು ಹೊಡೆದಿತ್ತು. ನಾಲ್ಕು ಬೆರಳಿನ ತುಂಡುಗಳೆಲ್ಲ ಅವನ ಕತ್ತರಿಗೆ ಸಿಕ್ಕಿ ಎರಡು ಬೆರಳಿಗೆ ಇಳಿದಿದ್ದವು. ಒಂದಿದ್ದ ಕಡೆ ಈಗ ನಾಲ್ಕು ತುಂಡು ಜೋಡಿಸಬೇಕಿತ್ತು. ಕೆಲಸ ನಾಲ್ಕು ಪಟ್ಟು, ಮಗಳು ಬರಲು ಉಳಿದ ದಿನ ಇಪ್ಪತ್ತು. ಅವಳು ದಂಡೆಗುಂಟ ಎರಡು ಸುತ್ತು ಮುಗಿಸಿದ್ದಳು. ಒಂದು ತುಂಡು ಓರೆಯಾಗಿತ್ತೆಂದು ಅರ್ಧ ಗಂಟೆಯ ಹೊಲಿಗೆ ಬಿಚ್ಚಿ ಮತ್ತೆ ಹಾಕಿದಳು. ಜಂಬುನಾಥನಿಗೆ ಕೊಟ್ಟ ಕೆಲಸ ಒಂದೇ: ತುಂಡುಗಳಲ್ಲಿ ಉಳಿದುಹೋಗಿದ್ದ ತನ್ನ ಹಳೆಯ ದಾರದ ಎಳೆಗಳನ್ನು ಹೆಕ್ಕುವುದು. ಫೋನು ಬಂತು. ಪ್ರದೀಪ, ಒಂದು ವಸ್ತುಸಂಗ್ರಹಾಲಯದವರು ಫೋಟೋ ನೋಡಿದ್ದಾರೆ, ಕೌದಿ ಕೇಳುತ್ತಿದ್ದಾರೆ ಎಂದ.

“ಅದು ಇಲ್ಲ. ಬಿಚ್ಚಿದೆವು,” ಎಂದ ಜಂಬುನಾಥ.

“ಸರ್, ಅದ್ಭುತ. ಕಟ್ಟಿದ್ದನ್ನ ಕಲಾವಿದನೇ ಬಿಚ್ಚೋದು. ಇದರ ಮೇಲೊಂದು ಉಪನ್ಯಾಸ ಇಡೋಣ ಸರ್.”

“ಪ್ರದೀಪ, ಕೇಳಪ್ಪ. ಆ ತುಂಡು ನನ್ನವಲ್ಲ. ಊರೂರು ಅಲೆದಿಲ್ಲ. ನನ್ನ ಹೆಂಡತಿ ಮೊಮ್ಮಗುವಿಗೆ ಅಂತ ಇಟ್ಟಿದ್ದನ್ನ ಕದ್ದು ಕತ್ತರಿಸಿದೆ. ಗುಡ್ಡ ಗುಡ್ಡವಲ್ಲ, ಹೊಲಿಯಾಕ ಬರದೆ ಎದ್ದಿದ್ದು.”

ಹೇಳಿಬಿಟ್ಟಿದ್ದ. ಆ ಕಡೆ ಪ್ರದೀಪ ಮೆಲ್ಲಗೆ ನಕ್ಕ. “ಎಂಥಾ ವಿನಯ ಸರ್ ನಿಮ್ಮದು. ಇದನ್ನ ಹೀಗೇ ಮಾತಾಡ್ರಿ ಸರ್ ಅವತ್ತು.” ಫೋನು ಇಟ್ಟ. ಹತ್ತು ನಿಮಿಷದಲ್ಲಿ ವಾಟ್ಸಾಪಿಗೆ ಆಹ್ವಾನ ಪತ್ರಿಕೆಯ ಕರಡು ಬಂದು ಬಿತ್ತು: ‘ಕದ್ದ ತುಂಡುಗಳು: ಒಂದು ಆತ್ಮಾವಲೋಕನ.’ ಕೆಳಗೆ ಅವನದೇ ಫೋಟೋ, ಗಲ್ಲಕ್ಕೆ ಕೈ ಇಟ್ಟುಕೊಂಡದ್ದು. ಏನು ಮಾಡಬೇಕೆಂದು ತಿಳಿಯದೆ ಅದನ್ನು ಹೆಂಡತಿಯ ಮುಂದೆ ಹಿಡಿದ. ಅವಳು ಕನ್ನಡಕ ಏರಿಸಿ, ಅಕ್ಷರ ಅಕ್ಷರ ಓದಿದಳು.

“ಹೋಗ್ರಿ,” ಎಂದಳು. “ಹೋಗಿ ಮಾತಾಡಿ ಬರ್ರಿ. ನೀವು ಮನ್ಯಾಗ ಇದ್ರ ನನ್ನ ಕೆಲಸ ಸಾಗವಲ್ದು.”

“ಹೋಗಂಗಿಲ್ಲ,” ಎಂದ ಅವನು. ಆಗಲೇ ತಲೆಯೊಳಗೆ ಉಪನ್ಯಾಸದ ಮೊದಲ ಎರಡು ವಾಕ್ಯ ತಯಾರಾಗಿದ್ದವು. ಅವು ಚೆನ್ನಾಗಿಯೂ ಇದ್ದವು.

“ಹಂಗಾರ ಸುಮ್ಮನ ಕೂಡ್ರಿ.”

ಅವನು ಕೂತ. ಕೆಳಗೆ ಬೀದಿಯಲ್ಲಿ ತರಕಾರಿ ಗಾಡಿಯ ಮೈಕು ಕೂಗಿಕೊಂಡು ಹೋಯಿತು. ಅಕ್ಕನಾಗಮ್ಮ ಮೂರನೆಯ ಸುತ್ತಿನ ಮೂಲೆ ತಿರುಗಿಸುತ್ತಿದ್ದಳು. ಸೂಜಿ ಹೊಕ್ಕು ಹೊರಬರುವ ಸದ್ದು ಕೂಡ ಕೇಳಿಸುವಷ್ಟು ಹತ್ತಿರ ಇಬ್ಬರೂ ಕೂತಿದ್ದರು. ಮೌನದ ಬಗ್ಗೆ ಒಂದು ಒಳ್ಳೆಯ ಮಾತು ಜಂಬುನಾಥನ ನಾಲಗೆಯ ತುದಿಯವರೆಗೆ ಬಂದಿತು. ಅವನು ಬಾಯಿ ತೆರೆದ. ಅವಳು ತಲೆ ಎತ್ತದೆಯೇ ಒಂದು ಹಳದಿ ತುಂಡನ್ನು ಅವನ ಕಡೆ ತಳ್ಳಿದಳು. ಅವನು ಬಾಯಿ ಮುಚ್ಚಿಕೊಂಡು, ಅದರಲ್ಲಿ ಸಿಕ್ಕಿಕೊಂಡಿದ್ದ ದಾರದ ಎಳೆಯನ್ನು ಉಗುರಿನಿಂದ ಹಿಡಿದು ಎಳೆಯತೊಡಗಿದ.